ದೇವರ ಬಳ್ಳಿಯ ಹಂಬು

ಪುಲ್ಪಳ್ಳಿಯಿಂದ ಬಂದ ಬಸ್ಸು ಮರಕ್ಕಡವಿನಲ್ಲಿ ನನ್ನನ್ನಿಳಿಸಿ ತಿರುಗಿಕೊಳ್ಳುವಷ್ಟರಲ್ಲೇ ಹಸಿ ಮೆಣಸಿನ ವಾಸನೆ ಮೂಗಿಗೆ ಬಡಿಯಿತು. ರಸ್ತೆ ಬದಿಯ ಮನೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಇಬ್ಬರು ಹೆಂಗಸರು ಕರಿಮೆಣಸಿನ ಗೊಂಚಲುಗಳನ್ನು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತಿದ್ದರು. ಗೋಡೆ ಹಿಡಿದುಕೊಂಡು ಮಾತಾಡುತ್ತಾ ತುಳಿಯುವುದು, ಪಾದ ಉರಿಯತೊಡಗಿದರೆ ಇಳಿದು ಬೂದಿ ಹಚ್ಚಿಕೊಳ್ಳುವುದು. ನಾನೂ ಚಿಕ್ಕಂದಿನಲ್ಲಿ ಹೀಗೆ ತುಳಿದವಳೇ. ಕೋಳಿಕ್ಕೋಡಿನ ಹಾಸ್ಟೆಲ್ಲಿನಲ್ಲಿ ಈ ವಾಸನೆಯ ನೆನಪೇ ಬರುವುದಿಲ್ಲ, ಇಲ್ಲಿ ಬಂದು ನಿಂತರೆ ಬೇರೆ ಏನೂ ನೆನಪಾಗುವುದಿಲ್ಲ. ನಮ್ಮ ಮನೆಯಂಗಳದಲ್ಲಿ ಈ ವಾಸನೆ ಎದ್ದು ವರ್ಷಗಳೇ ಆಗಿದ್ದವು. ನಾಳೆ ಬೆಳಿಗ್ಗೆ ಮತ್ತೆ ಕೊಯ್ಲು ಎಂದು ಅಪ್ಪ ಫೋನ್ ಮಾಡಿ ಕರೆದದ್ದಕ್ಕೇ ನಾನು ಪ್ರಾಕ್ಟಿಕಲ್ ಬಿಟ್ಟು ಬಂದಿದ್ದೆ. ಬ್ಯಾಗು ಹೆಗಲಿಗೇರಿಸಿ ಹೊಳೆಯ ದಾರಿಯಲ್ಲಿ ನಡೆಯುತ್ತಾ ಹೋದಂತೆ ಆ ಒಂದು ವರ್ಷ ಪೂರಾ ಜೊತೆಗೆ ನಡೆದು ಬಂತು.

ಅದು ನಾನು ಪ್ಲಸ್ ಟೂ ಓದುತ್ತಿದ್ದ ವರ್ಷ. ನಮ್ಮ ಮನೆ ಕಬಿನಿಯ ಈಚೆ ದಡದಲ್ಲಿದೆ. ಆಚೆ ದಡ ಬೈರಕುಪ್ಪೆ, ಅದು ಕರ್ನಾಟಕ. ತಾತನ ತಾತ ಆಚೆಯಿಂದ ಈಚೆ ಬಂದು ಕಾಡಂಚಿನ ಜಾಗ ಹಸನು ಮಾಡಿಕೊಂಡರಂತೆ. ನಾವು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಜಗಳಕ್ಕೆ ಎರಡೂ. ತಾತನ ತಾತ ಬರುವಾಗ ಒಂದು ಕಲ್ಲನ್ನೂ ಒಂದು ಮೆಣಸಿನ ಹಂಬನ್ನೂ ತಂದರಂತೆ. ಕಲ್ಲು ನಮ್ಮ ಮನೆದೇವರು, ನಾವು ಅಮ್ಮ ಎನ್ನುತ್ತೇವೆ. ಹಂಬನ್ನು ಕಲ್ಲಿನ ಪಕ್ಕದ ಹಲಸಿನ ಮರಕ್ಕೆ ಹಬ್ಬಿಸಿದರು. ಅದು ದೇವರ ಬಳ್ಳಿ. ತೋಟದಲ್ಲಿ ಎಷ್ಟೇ ಬಳ್ಳಿಗಳಿರಲಿ, ಆ ಒಂದರ ಕಾಳನ್ನು ಮನೆಯವರು ತಿನ್ನುವುದಿಲ್ಲ, ಮಾರುವುದಿಲ್ಲ. ಅದು ಅಮ್ಮನ ಪಾನಕಕ್ಕೆ. ಅದರ ಸುತ್ತ ಕಲ್ಲು ಜೋಡಿಸಿದ ಜಾಗದೊಳಗೆ ಚಪ್ಪಲಿ ಹಾಕುವಂತಿಲ್ಲ, ಗುದ್ದಲಿ ತಾಗಿಸುವಂತಿಲ್ಲ. ಬುಡದಿಂದ ನೆಲದ ಮೇಲೆ ಹರಿಯುವ ಹಂಬುಗಳನ್ನೂ ಕತ್ತರಿಸುವಂತಿಲ್ಲ, ಮೆತ್ತಗೆ ಎತ್ತಿ ಮರಕ್ಕೇ ಸುತ್ತಬೇಕು. ಒಂದೇ ಒಂದು ಸಂದರ್ಭಕ್ಕೆ ರಿಯಾಯಿತಿ. ಮನೆಮಗಳು ಮನೆ ಬಿಟ್ಟು ಹೋಗುವ ದಿನ ಅವಳ ಮಡಿಲಿಗೆ ಒಂದಷ್ಟು ಹಂಬು ಹಾಕಿ ಕಳಿಸುತ್ತಾರೆ. ಹೋದ ಕಡೆ ಅದು ಅವಳ ಬಳ್ಳಿ, ತಿನ್ನಲೂ ಮಾರಲೂ ಕೊಡಲೂ ಅವಳಿಗೆ ತಡೆಯಿಲ್ಲ.

ಹಾಗೆ ಕೊನೆಯ ಸಲ ಹಂಬು ಹಾಕಿಸಿಕೊಂಡು ಹೋದವಳು ನನ್ನ ಸೋದರತ್ತೆ, ದೇವಮ್ಮತ್ತೆ. ಅವಳನ್ನು ಕೊಟ್ಟದ್ದು ಬೈರಕುಪ್ಪೆಗೆ, ಕೂಗಿದರೆ ಕೇಳುವಷ್ಟು ದೂರ. ಅವಳ ಬಳ್ಳಿ ಹಬ್ಬಿದ್ದ ಮರವನ್ನು ಆನೆ ಉರುಳಿಸಿ ಬಳ್ಳಿ ಮಣ್ಣುಪಾಲಾಗಿತ್ತು. ಹೀಗಾಗಿ ಆ ತಳಿ ಎಂಬುದು ಉಳಿದದ್ದು ನಮ್ಮ ಹಲಸಿನ ಮರದ ಮೇಲೆ ಮಾತ್ರ.

ಸಂಜೆ ಆ ಕಲ್ಲಿನ ಮುಂದೆ ದೀಪ ಹಚ್ಚುವುದು ನನ್ನ ಕೆಲಸವಾಗಿತ್ತು. ಎತ್ತರದ ಕಟ್ಟೆಗೆ ಕೈ ಎಟುಕಿದ ದಿನದಿಂದ ಅಜ್ಜಿ ಅದನ್ನು ನನಗೆ ವಹಿಸಿದ್ದಳು. ಮೊದಮೊದಲು ಹೆಮ್ಮೆ. ಹೈಸ್ಕೂಲಿಗೆ ಬಂದಾಗ ಬೇಜಾರು. ಪ್ಲಸ್ ಟೂಗೆ ಬರುವಷ್ಟರಲ್ಲಿ ನಾನು ಬತ್ತಿ ಹೊಸೆಯುತ್ತಾ ಕೆಮಿಸ್ಟ್ರಿ ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಿದ್ದೆ. ದೇವರು ಇಲ್ಲ ಎಂದು ಯಾವುದೋ ದಿನ ತೀರ್ಮಾನ ಮಾಡಿದ್ದೇನೂ ಅಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ಉಪ್ಪಿನಕಾಯಿ ಮುಗಿದದ್ದು ಕೈ ಹಾಕಿದಾಗಲೇ ಗೊತ್ತಾಗುತ್ತದಲ್ಲ, ಹಾಗೆ ಒಂದು ಸಂಜೆ ಕೈಮುಗಿದು ನಿಂತಾಗ ಕೇಳಿಕೊಳ್ಳುವುದಕ್ಕೆ ಒಳಗೆ ಯಾರೂ ಇಲ್ಲ ಅನ್ನಿಸಿತು. ಹೆದರಿಕೆಯಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ದೀಪ ಹಚ್ಚುವುದನ್ನೂ ಬಿಡಲಿಲ್ಲ, ಬಿಟ್ಟರೆ ಅಜ್ಜಿ ಬಿಡುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ತೋಟ ಹೋಯಿತು. ಹಿಂದಿನ ವರ್ಷವೇ ಕೆಳಗಿನ ಮೂಲೆಯ ಬಳ್ಳಿಗಳಿಗೆ ಸೊರಗು ರೋಗ ಬಂದು ಅಪ್ಪ ನರ್ಸರಿಯಿಂದ ಗಿಡ ತಂದು ನೆಟ್ಟಿದ್ದರು. ಈ ಸಲ ಅವೂ ಹೋದವು, ಹಳೆಯವೂ ಹೋದವು. ಸೋಮವಾರ ಹಸಿರಾಗಿದ್ದ ಬಳ್ಳಿ ಮುಂದಿನ ಸೋಮವಾರ ಎಲೆ ಇಳಿಬಿಟ್ಟಿರುತ್ತಿತ್ತು. ಆಮೇಲೆ ಎಲೆ ಕಪ್ಪಾಗಿ ಬುಡ ಕೊಳೆತು, ಮುಟ್ಟಿದರೆ ಗಂಟು ಗಂಟಾಗಿ ಕಳಚಿ ಬೀಳುತ್ತಿತ್ತು. ಬಳ್ಳಿ ಹೊತ್ತ ಹಾಲವಾಣದ ಮರಗಳು ಬೋಳಾಗಿ ಸಾಲಾಗಿ ನಿಂತವು. ಅಪ್ಪ ಔಷಧದ ಬಕೆಟ್ಟು ಹಿಡಿದು ಮಳೆಯಲ್ಲೇ ಓಡಾಡಿದರು. ಜೋರು ಮಳೆಯ ಕರ್ಕಾಟಕ ಮಾಸ ಮುಗಿಯುವ ಹೊತ್ತಿಗೆ ಬಕೆಟ್ಟು ಅಂಗಳದ ಮೂಲೆಯಲ್ಲಿ ಬೋರಲು ಬಿದ್ದಿತ್ತು, ಅಪ್ಪ ಜಗಲಿಯ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎದುರಿಗೆ ಹಲಸಿನ ಮರದ ಮೇಲೆ ದೇವರ ಬಳ್ಳಿ ಮಾತ್ರ ಏನೂ ಆಗದಂತೆ ಎಳೆ ಚಿಗುರು ಬಿಟ್ಟುಕೊಂಡು ನಿಂತಿತ್ತು.

ನನ್ನ ಬಾಟನಿ ಪುಸ್ತಕದಲ್ಲಿ ಅದಕ್ಕೆ ಉತ್ತರವಿತ್ತು. ಬೇರಿಗೆ ಗಾಯವಾದ ಕಡೆ ರೋಗ ಒಳಹೊಗುತ್ತದೆ, ಗುದ್ದಲಿ ಮತ್ತು ಕಾಲಿಗಂಟಿದ ಮಣ್ಣಿನಿಂದ ಹರಡುತ್ತದೆ. ನಾನು ಅಜ್ಜಿಗೆ ವಿವರಿಸಿದೆ, ಪರೀಕ್ಷೆಗೆ ಓದಿದ್ದು ಗಟ್ಟಿಯಾಗಲಿ ಅಂತಲೂ ಇರಬಹುದು.

"ಅಜ್ಜಿ, ಅಲ್ಲಿ ಯಾರೂ ಅಗೆಯಲ್ಲ, ಯಾರೂ ತುಳಿಯಲ್ಲ. ಅದಕ್ಕೇ ಉಳೀತು. ಬೇರೆ ಕಾರಣ ಇಲ್ಲ."

ಅಜ್ಜಿ ವೀಳ್ಯದೆಲೆಯ ನಾರು ತೆಗೆಯುತ್ತಾ ಕೇಳಿದಳು. "ಅಗೆಯಲ್ಲ ಯಾಕೆ?"

"ದೇವರ ಜಾಗ ಅಂತ."

"ಶರಿ. ಹಾಗಾದ್ರೆ ನಾನು ಹೇಳಿದ್ದೂ ಅದನ್ನೇ ಅಲ್ವಾ? ನೀನು ಅದಕ್ಕೆ ಫೀಸು ಕಟ್ಟಿ ಕಲಿತೆ."

ಅಜ್ಜಿಯ ಜೊತೆ ವಾದಕ್ಕಿಳಿದರೆ ಹೀಗೇ. ಗೆಲ್ಲುವವಳೂ ಅವಳು, ನಗುವವಳೂ ಅವಳು. ನನಗೆ ಸಿಟ್ಟು ಬಂದಿತ್ತು. ಆದರೆ ಅದರ ಹಿಂದೆಯೇ ಒಂದು ಯೋಚನೆಯೂ ಬಂತು. ಆ ಬಳ್ಳಿಯ ಬುಡದಲ್ಲಿ ಎಷ್ಟೊಂದು ಹಂಬುಗಳಿವೆ. ಕತ್ತರಿಸಿ ನೆಟ್ಟರೆ ಮೇಲಿನ ತೋಟದ ಮರಗಳಿಗಾದರೂ ಸಾಕು. ಕಣ್ಣೆದುರೇ ಇದ್ದ ಮದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪನಿಗೆ ಅದನ್ನೇ ಹೇಳಿದೆ. ಅಜ್ಜಿ ದೋಣಿ ದಾಟಿ ಮಗಳ ಮನೆಗೆ ಹೋಗಿದ್ದಳು. ಇವತ್ತು ನಾವೇ ಕತ್ತರಿಸೋಣ, ಅಜ್ಜಿಗೆ ಗೊತ್ತಾಗಲ್ಲ ಎಂದೆ. ಅಪ್ಪ ಬಳ್ಳಿಯ ಕಡೆ ನೋಡಿದರು.

"ಅಜ್ಜಿಗೆ ಗೊತ್ತಾಗಲ್ಲ ಮಗಳೇ. ನನಗೆ ಗೊತ್ತಿರುತ್ತಲ್ಲ."

"ನೀವು ನಂಬ್ತೀರಾ ಅಪ್ಪ, ಅದನ್ನೆಲ್ಲ?"

"ನಂಬೋದು ಬಿಡೋದು ಆಲೋಚಿಸಿಲ್ಲ. ನನ್ನ ಅಪ್ಪ ಮುಟ್ಟಲಿಲ್ಲ. ಅವರಿಗೆ ಇದಕ್ಕಿಂತ ಕಷ್ಟದ ಕಾಲ ಬಂದಿತ್ತು. ಆಗಲೂ ಮುಟ್ಟಲಿಲ್ಲ. ಈಗ ನಾನು ಹೋಗಿ ಕತ್ತಿ ಹಾಕಿದ್ರೆ ಅವರಿಗಿಂತ ನನ್ನ ಕಷ್ಟ ದೊಡ್ಡದು ಅಂತ ಹೇಳಿದ ಹಾಗಾಗುತ್ತೆ."

ಅಪ್ಪ ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಕಡಿಮೆ. ಅವರ ನಂಬಿಕೆ ಅಮ್ಮನೆಂಬ ಕಲ್ಲಿನ ಮೇಲೆ ಇತ್ತೋ ಸತ್ತುಹೋದ ತಾತನ ಮೇಲೆ ಇತ್ತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಂತೂ ತೋಟ ಹಾಗೇ ಉಳಿಯಿತು. ವಿಷು ಕಳೆದ ಮೇಲೆ ಅಪ್ಪ ನಮ್ಮ ಊರಿನ ಇನ್ನೂ ಕೆಲವರ ಜೊತೆ ಸೇರಿ ಆಚೆ ಕರ್ನಾಟಕದ ಒಳಗೆ ಶುಂಠಿ ಹಾಕಲು ಹೋದರು. ಹೊಲದ ನಡುವೆ ತಗಡಿನ ಶೆಡ್ಡು, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುತ್ತಿದ್ದರು. ಅಂಗಿಯಲ್ಲಿ ಶುಂಠಿ ಮಣ್ಣಿನ ವಾಸನೆ, ಬಾಯಲ್ಲಿ ನಿದ್ದೆಗೆಟ್ಟ ಮಾತು. ನಮ್ಮ ಮನೆಗೆ ನೆಂಟರ ಹಾಗೆ ಬಂದು ನೆಂಟರ ಹಾಗೆ ಹೋಗುತ್ತಿದ್ದರು. ಇನ್ನೊಂದು ವರ್ಷ ಕಳೆದ ಮೇಲೆ ಬೋಳು ಮರಗಳನ್ನು ಕಡಿಸಿ ಜಾಗ ಯಾರಿಗಾದರೂ ವಹಿಸುವುದು, ತಾವು ಶುಂಠಿಯ ಹಿಂದೆಯೇ ಹೋಗುವುದು ಎಂದು ಅವ್ವನಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಶುಂಠಿ ಒಂದು ಕಡೆ ಎರಡನೆಯ ಬೆಳೆಗೆ ನಿಲ್ಲುವುದಿಲ್ಲ. ಪ್ರತಿ ವರ್ಷ ಬೇರೆ ಊರು, ಬೇರೆ ಶೆಡ್ಡು. ಅಪ್ಪ ಇನ್ನು ಮನೆಗೆ ಸಿಕ್ಕುವುದಿಲ್ಲ ಎಂದು ನನಗೆ ಅರ್ಥವಾಯಿತು.

ಆಗಲೇ ದೇವಮ್ಮತ್ತೆ ಬಂದು ಮದುವೆಯ ಮಾತು ತೆಗೆದದ್ದು. ನನ್ನ ಪರೀಕ್ಷೆ ಮುಗಿದು ರಿಸಲ್ಟು ಬಂದಿರಲಿಲ್ಲ. ಅತ್ತೆ ಹಲಸಿನ ತೊಳೆ ಬಿಡಿಸುತ್ತಾ ಅರ್ಧ ತಮಾಷೆಯಲ್ಲೇ ಶುರು ಮಾಡಿದಳು.

"ಹುಡುಗಿಯನ್ನ ಬೈರಕುಪ್ಪೆಗೆ ಕೊಡಿ. ಹುಡುಗ ಒಳ್ಳೇವನು, ಸ್ವಂತ ಜೀಪಿದೆ. ಮದುವೆಗೆ ಹಂಬು ಹಾಕ್ತೀರಲ್ಲ, ಅಲ್ಲಿ ನೆಡ್ತಾಳೆ. ಆಮೇಲೆ ಮಗಳು ತವರಿಗೆ ಕೊಟ್ಟರೆ ಬೇಡ ಅನ್ನೋರು ಯಾರು? ತೋಟವೂ ಆಯ್ತು, ಕಲ್ಯಾಣವೂ ಆಯ್ತು."

ಅವ್ವ ಪಾತ್ರೆಯನ್ನು ಸದ್ದಾಗುವಂತೆ ಇಟ್ಟಳು. ನಾನು ನಕ್ಕು ಸುಮ್ಮನಾಗಬೇಕೆಂದಿದ್ದೆ. ಆದರೆ ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು. "ಅವರ ತೋಟದಲ್ಲಿ ಬೇಸಿಗೆಗೆ ನೀರಿದೆಯಾ?"

ಅಜ್ಜಿ ತಮಾಷೆಗೆ ನೀರು ವಿಚಾರಿಸುವವಳಲ್ಲ. ಆಮೇಲಿನ ದಿನಗಳಲ್ಲಿ ಅವಳು ನನ್ನನ್ನು ನೋಡುವ ರೀತಿಯೇ ಬದಲಾಗಿತ್ತು. ನಾನು ನೀರು ಸೇದುವಾಗ, ತಲೆ ಬಾಚುವಾಗ ಜಗಲಿಯಿಂದ ನೋಡುತ್ತಾ ಕೂತಿರುತ್ತಿದ್ದಳು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಮತ್ತೆ ಆ ಮಾತು ಎತ್ತಲೂ ಇಲ್ಲ. ಆದರೂ ಅಪ್ಪ ಶೆಡ್ಡಿಗೆ ಹೊರಟಾಗಲೆಲ್ಲ ನನಗೆ ನನ್ನ ಮೇಲೆಯೇ ಸಂಶಯ ಬರುತ್ತಿತ್ತು. ನಾನು ಹೂಂ ಅಂದರೆ ಅಪ್ಪ ಮನೆಗೆ ಬರುತ್ತಾರೆ. ನಾನು ಓದಬೇಕು ಅಂದರೆ ಬರುವುದಿಲ್ಲ. ಬದುಕಿನ ಲೆಕ್ಕ ಇಷ್ಟು ಸರಳವಾಗಿರುವುದಿಲ್ಲ ಎಂದು ಈಗ ಗೊತ್ತು. ಆಗ ಸಂಜೆ ದೀಪದ ಮುಂದೆ ನಿಂತು, ಇಲ್ಲದವಳ ಹತ್ತಿರವೇ, ಇದಕ್ಕೊಂದು ದಾರಿ ತೋರಿಸು ಎಂದು ಕೇಳಿದೆ. ನಾಚಿಕೆಯೂ ಆಯಿತು.

ಒಮ್ಮೆ ಅಪ್ಪನನ್ನು ದೋಣಿಯವರೆಗೆ ಬಿಡಲು ಹೋದಾಗ ತಡೆಯಲಾಗದೆ ಕೇಳಿಯೇ ಬಿಟ್ಟೆ. ಅತ್ತೆ ಹೇಳಿದ ಹಾಗೆ ಮಾಡಿದರೆ ನೀವು ವಾಪಸು ಬರ್ತೀರಾ ಎಂದು. ಅಪ್ಪ ದೋಣಿಗೆ ಇಟ್ಟ ಕಾಲು ತೆಗೆದು ದಡಕ್ಕೆ ಬಂದರು.

"ನಿನ್ನ ಓದಿಗೂ ಬಳ್ಳಿಗೂ ಗಂಟು ಹಾಕಬೇಡ. ಬಳ್ಳಿ ಇಲ್ಲದ ಮನೆಗಳು ಎಷ್ಟೋ ಇವೆ, ಅವರೂ ಉಣ್ತಾರೆ. ನೀನು ನನಗೋಸ್ಕರ ಹೋದೆ ಅಂತಾದ್ರೆ ಆ ಮೆಣಸು ನನಗೆ ಗಂಟಲಲ್ಲಿ ಇಳಿಯಲ್ಲ."

ದೋಣಿ ಹೋಯಿತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಅಪ್ಪನ ಮೇಲಿನ ಪ್ರೀತಿಗೆ ಅತ್ತೆನೋ, ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನಕ್ಕೆ ಅತ್ತೆನೋ, ಎರಡನ್ನೂ ಬೇರ್ಪಡಿಸಲಾರೆ.

ಕೋಳಿಕ್ಕೋಡಿನ ಕಾಲೇಜಿನಲ್ಲಿ ಬಾಟನಿಗೆ ಸೀಟು ಸಿಕ್ಕಿತು. ಹೊರಡುವ ದಿನ ಅಪ್ಪ ಶೆಡ್ಡಿನಿಂದ ಬಂದಿದ್ದರು. ಹೊರಗೆ ಹನಿ ಬಿಡುತ್ತಿತ್ತು. ನಾನು ಚೂಡಿದಾರ ಹಾಕಿ, ಬ್ಯಾಗಿನ ಜಿಪ್ಪಿನೊಂದಿಗೆ ಗುದ್ದಾಡುತ್ತಿದ್ದಾಗ ಅಜ್ಜಿ ಅಂಗಳದಿಂದ ಕರೆದಳು. ತಲೆಗೆ ಸ್ನಾನ ಮಾಡಿ ಒಗೆದ ಸೀರೆ ಉಟ್ಟಿದ್ದಳು. ಬರಿಗಾಲಲ್ಲಿ ದೇವರ ಬಳ್ಳಿಯ ಬುಡದಲ್ಲಿ ನಿಂತಿದ್ದಳು. ಕೈಯಲ್ಲಿ ಕತ್ತಿ, ಕಲ್ಲಿನ ಮೇಲೆ ಅರಿಶಿನ, ವೀಳ್ಯ, ಒದ್ದೆ ಬಟ್ಟೆ.

"ಬಾ. ಗೇಟಿನ ಕಡೆ ಮುಖ ಮಾಡಿ ಕೂತ್ಕೊ. ಮಡಿಲು ಒಡ್ಡು."

ಮೊದಲು ಅರ್ಥ ಮಾಡಿಕೊಂಡವಳು ಅವ್ವ. "ಅತ್ತೆ, ಏನು ಮಾಡ್ತಾ ಇದ್ದೀರಿ? ಮದುವೆ ಇಲ್ಲದ ಹುಡುಗಿಗೆ ಮಡಿಲು ತುಂಬೋದಾ?"

"ಮನೆ ಬಿಟ್ಟು ಹೋಗೋ ಮಗಳಿಗೆ ಕೊಡೋದು. ಇವಳು ಹೋಗ್ತಾ ಇಲ್ವಾ?"

ಅಪ್ಪ ಜಗಲಿ ಇಳಿದು ಬಂದರು. "ಹಾಸ್ಟೆಲ್ಲಿಗೆ ಹೋಗೋದು ಅಷ್ಟೇ. ಓಣಕ್ಕೆ ಬರ್ತಾಳೆ."

"ನಾನೂ ಹಬ್ಬಕ್ಕೆ ತವರಿಗೆ ಹೋಗ್ತಾ ಇದ್ದೆ," ಎಂದಳು ಅಜ್ಜಿ. "ಹೋದವಳು ಹೋದವಳೇ. ಇವಳು ಇನ್ನು ಈ ಮನೆಗೆ ಬಂದು ಕೂರೋಳಲ್ಲ. ಓದ್ತಾಳೆ, ಕೆಲಸಕ್ಕೆ ಹೋಗ್ತಾಳೆ, ಎಲ್ಲಿಗೋ ಹೋಗ್ತಾಳೆ. ನಿಮಗೆ ಕಾಣ್ತಾ ಇಲ್ಲ, ನನಗೆ ಕಾಣ್ತಾ ಇದೆ. ತಾಳಿ ಕಟ್ಟಿದ ದಿನವೇ ಹೋಗಬೇಕು ಅಂತ ಅಮ್ಮ ಎಲ್ಲಿ ಹೇಳಿದ್ದಾಳೆ?"

ನಾನು ನೆನೆದ ಕಲ್ಲಿನ ಮೇಲೆ ಗೇಟಿನ ಕಡೆ ಮುಖ ಮಾಡಿ ಕೂತು ದುಪ್ಪಟ್ಟ ಒಡ್ಡಿದೆ. ಬೆನ್ನ ಹಿಂದೆ ಕತ್ತಿಯ ಸದ್ದು ಕೇಳಿಸಿತು. ದೇವಮ್ಮತ್ತೆಯ ಮದುವೆಯ ಮೇಲೆ ಯಾರೂ ಕತ್ತರಿಸದ ಬಳ್ಳಿ. ಅಜ್ಜಿ ಒಂದೊಂದೇ ಹಂಬನ್ನು ತುಂಡು ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕುತ್ತಾ ಹೋದಳು. ಒಬ್ಬ ಹೆಣ್ಣಿಗೆ ಒಂದೋ ಎರಡೋ ಸಾಕಿತ್ತು. ಅವಳು ನಿಲ್ಲಿಸಲೇ ಇಲ್ಲ. ದುಪ್ಪಟ್ಟ ತುಂಬಿ ಭಾರವಾಗಿ, ಅವ್ವ ಅಕ್ಕಿ ಚೀಲ ತಂದು ಹಿಡಿಯಬೇಕಾಯಿತು.

"ಮೂರು ಎಲೆ ಬರೋವರೆಗೂ ನೆರಳಲ್ಲಿಡು. ಇನ್ನು ಇದು ನಿಂದು. ಯಾರಿಗೆ ಕೊಡ್ತೀ, ಎಲ್ಲಿ ನೆಡ್ತೀ, ನಾನು ಕೇಳಲ್ಲ," ಎಂದು ಅಜ್ಜಿ ನನ್ನ ಹಣೆಗೆ ಅರಿಶಿನ ಹಚ್ಚಿದಳು. "ತಿರುಗಿ ನೋಡದೆ ಹೋಗು."

ತಿರುಗಿ ನೋಡದೆ ಹೋದೆ. ತಾಮರಶ್ಶೇರಿ ಚುರಂ ಎಂಬ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ತೊಡೆಯ ಮೇಲಿದ್ದ ಚೀಲವನ್ನು ನೋಡುತ್ತಿದ್ದೆ. ನಾಲ್ಕನೆಯ ತಿರುವಿನಲ್ಲೋ ಐದನೆಯ ತಿರುವಿನಲ್ಲೋ ಅತ್ತೆಯ ಮಾತು ನೆನಪಾಯಿತು. ಮಗಳು ತವರಿಗೆ ಕೊಟ್ಟರೆ ಬೇಡ ಅನ್ನೋರು ಯಾರು. ಪಕ್ಕದಲ್ಲಿ ಅಪ್ಪ ತೂಕಡಿಸುತ್ತಿದ್ದರು. ನಾನು ಅವರನ್ನು ಎಬ್ಬಿಸಲಿಲ್ಲ. ಅಜ್ಜಿ ಇದನ್ನೆಲ್ಲ ಎಂದಿನಿಂದ ಯೋಚಿಸುತ್ತಿದ್ದಳೋ ಏನೋ. ಅವಳು ನನ್ನನ್ನು ಹಾಗೆ ನೋಡುತ್ತಾ ಕೂತಿದ್ದಾಗ ನಾನು ಹೆದರಿದ್ದೆ, ಅವಳು ಬೇರೆಯೇ ಏನನ್ನೋ ಹೊಂದಿಸುತ್ತಿದ್ದಳು.

ಹಾಸ್ಟೆಲ್ಲಿನ ಹಿಂದೆ ನೀರಿನ ಟ್ಯಾಂಕಿನ ಕೆಳಗೆ ಒಳ್ಳೆಯ ನೆರಳಿತ್ತು. ಹಾಲಿನ ಖಾಲಿ ಪ್ಯಾಕೆಟ್ಟುಗಳಿಗೆ ಮಣ್ಣು ತುಂಬಿ ಹಂಬುಗಳನ್ನು ನೆಟ್ಟೆ. ರೂಮಿನ ಗೆಳತಿ ಸಫ್ನಾ ಮಲಪ್ಪುರದವಳು, ಐದು ಹೊತ್ತೂ ತಪ್ಪದೆ ನಮಾಜು ಮಾಡುವವಳು. ಬೆಳಗಿನ ನಮಾಜಿಗೆ ಎದ್ದವಳು ಹಾಗೇ ಹೋಗಿ ನನ್ನ ಪ್ಯಾಕೆಟ್ಟುಗಳಿಗೂ ನೀರು ಹಾಕಿ ಬರುತ್ತಿದ್ದಳು. ನಾನು ಆ ಹೊತ್ತಿಗೆ ಹೊದಿಕೆಯೊಳಗೆ. ಒಂದು ದಿನ ಅವಳು ನಗುತ್ತಾ ಕೇಳಿದಳು. "ಇದಾಣೋ ನಿಂಟೆ ದೈವಂ?" ಇದೇ ಏನು ನಿನ್ನ ದೇವರು ಎಂದು.

ಹೌದು ಅನ್ನಲಾಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ. "ಎಂಟೆ ವೀಡಾಣ್," ಎಂದೆ. ನನ್ನ ಮನೆ ಎಂದು. ಆ ಉತ್ತರ ಹೇಗೆ ಬಂತೋ ತಿಳಿಯದು, ಬಾಯಿಂದ ಬಂದ ಮೇಲೆ ಅದೇ ನಿಜ ಅನ್ನಿಸಿತು.

ಓಣಕ್ಕೆ ಊರಿಗೆ ಹೋದೆ. ಅವ್ವ ಕೋಳಿ ಸಾರು ಮಾಡಿದ್ದಳು, ಅತ್ತೆ ಬಂದಿದ್ದಳು. ಸಂಜೆ ಹೊತ್ತಿಗೆ ಅಭ್ಯಾಸದಂತೆ ಕೈಕಾಲು ತೊಳೆದು, ಗೂಡಿನಲ್ಲಿದ್ದ ಎಣ್ಣೆಯ ಬಾಟಲಿಗೆ ಕೈ ಚಾಚಿದೆ. ಅಜ್ಜಿ ಹಿಂದಿನಿಂದ ಬಂದು ಬಾಟಲಿಯನ್ನು ಮೆಲ್ಲಗೆ ತೆಗೆದುಕೊಂಡಳು.

"ನೀನು ಕೂತ್ಕೊ ಮಗಳೇ. ನೀನು ಬಂದವಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ಮೃದುವಾಗಿ ಹೇಳಿದಳು. ಮಡಿಲು ತುಂಬಿಸಿಕೊಂಡ ಮಗಳು ತವರಿನ ದೀಪ ಹಚ್ಚುವಂತಿಲ್ಲ. ಅದು ಮನೆಯವರ ಕೆಲಸ, ಅವಳದು ಬೇರೆ ಮನೆ. ದೇವಮ್ಮತ್ತೆ ಬಂದಾಗಲೂ ಜಗಲಿಯ ಮೇಲೆ ಕೂತೇ ಇರುತ್ತಿದ್ದುದನ್ನು ಎಷ್ಟು ವರ್ಷ ನೋಡಿದ್ದೆ. ಸೋಮಾರಿ ಅತ್ತೆ ಎಂದು ಮನಸ್ಸಿನಲ್ಲೇ ಬೈದೂ ಇದ್ದೆ. ಆವತ್ತು ಅವಳು ಜರುಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅವ್ವ ಹೋಗಿ ದೀಪ ಹಚ್ಚಿದಳು. ಬತ್ತಿ ಸರಿಯಾಗಿ ಹೊಸೆದಿರಲಿಲ್ಲ, ಹೊಗೆ ಬಂತು. ನಂಬದೇ ಹಚ್ಚುತ್ತಿದ್ದ ದೀಪ ಅದು, ಬೇಜಾರಿನ ಕೆಲಸ, ತಪ್ಪಿದರೆ ಸಾಕು ಅಂದುಕೊಂಡದ್ದು. ಅದು ಕೈತಪ್ಪಿದ್ದಕ್ಕೆ ಎದೆಯೊಳಗೆ ಯಾಕೆ ಹಾಗೆ ಹಿಂಡಿತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ದೇವರಿಗೆ ನಾನು ಬೇಕಾಗಿರಲಿಲ್ಲ, ಸರಿ. ಮನೆಗೆ ಪ್ರತಿ ಸಂಜೆ ನಾನು ಬೇಕಾಗಿದ್ದೆ. ಅದಷ್ಟೇ ನನ್ನ ನಂಬಿಕೆಯಾಗಿತ್ತೋ ಏನೋ.

ಅತ್ತೆ ಕಿವಿಯ ಹತ್ತಿರ ಹೇಳಿದಳು. "ಮೊದಲ ವರ್ಷ ಹೀಗೇ ಅನ್ನಿಸುತ್ತೆ ಮಗಳೇ. ಆಮೇಲೂ ಅನ್ನಿಸುತ್ತೆ. ಆದ್ರೆ ಕೂತು ಅಭ್ಯಾಸ ಆಗುತ್ತೆ."

ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಗಿಡಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿಸಿ ಚುರಂ ಹತ್ತಿಸಿ ತಂದೆ. ಕಂಡಕ್ಟರು ಬೈದ, ಸೀಟಿನವರು ಬೈದರು. ಅಜ್ಜಿ ಗೇಟಿನ ಹತ್ತಿರವೇ ನಿಂತಿದ್ದಳು. ನೋಡಿದವಳು ಆಶ್ಚರ್ಯಪಡಲಿಲ್ಲ. ಎರಡೂ ಕೈ ಚಾಚಿ ಮೊದಲ ಡಬ್ಬ ತೆಗೆದುಕೊಂಡು ಒಳಗೆ ನೋಡಿ, "ಮಗಳು ತಂದದ್ದು. ಬೇಡ ಅನ್ನಬಾರದು," ಎಂದಳು. ಅಪ್ಪ ಆ ವಾರ ಶೆಡ್ಡಿಗೆ ಹೋಗಲಿಲ್ಲ. ಮರ ಕಡಿಯುವವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಈ ಸಲ ಬುಡ ಅಗೆಯದೆ, ಸುತ್ತ ಕಲ್ಲು ಜೋಡಿಸಿ, ಬರಿಗಾಲಲ್ಲಿ ನೆಟ್ಟರು. ಅದು ನನ್ನ ಬಾಟನಿಯೋ ಅಜ್ಜಿಯ ಅಮ್ಮನೋ ಎಂದು ನಾನು ಕೇಳಲಿಲ್ಲ. ಒಂದಷ್ಟು ಸತ್ತವು, ಹೆಚ್ಚಿನವು ಹಿಡಿದವು. ಅಪ್ಪ ಶುಂಠಿ ಬಿಟ್ಟು ಮನೆಯಲ್ಲಿ ನಿಂತರು.

ಅದೆಲ್ಲ ಆಗಿ ನಾನೀಗ ಎಂ.ಎಸ್ಸಿ.ಗೆ ಬಂದಿದ್ದೇನೆ. ಬಳ್ಳಿಗಳು ಹಾಲವಾಣದ ಮರಗಳನ್ನು ತಬ್ಬಿ ಮೇಲೇರಿ ಈ ವರ್ಷ ಮೊದಲ ಫಸಲು ಬಿಟ್ಟಿವೆ. ರಾತ್ರಿ ಮನೆಯಲ್ಲಿ ಬಂದವಳಿಗೆ ಹಾಸುವ ಹೊಸ ಚಾಪೆ ಹಾಸಿ ಮಲಗಿಸಿದರು. ಅಭ್ಯಾಸ ಆಗುತ್ತದೆ ಎಂದು ಅತ್ತೆ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಎಲ್ಲರೂ ತೋಟಕ್ಕೆ ಹೋದೆವು. ಅಜ್ಜಿಗೆ ಈಗ ನಡೆಯುವುದು ಕಷ್ಟ, ಅವ್ವ ಕೈಹಿಡಿದು ತಂದು ಮರದ ಬುಡದಲ್ಲಿ ಕೂರಿಸಿದಳು. ಅಪ್ಪ ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಹತ್ತಿದರು. ಮೇಲೆ ಕಾಳು ತುಂಬಿದ ಗೊಂಚಲುಗಳು, ನಡುನಡುವೆ ಒಂದೊಂದು ಕೆಂಪು. ಅಪ್ಪ ಒಂದಕ್ಕೆ ಕೈ ಹಾಕಿದವರು ಕೊಯ್ಯಲಿಲ್ಲ. ಹಾಗೇ ಹಿಡಿದುಕೊಂಡು ಕೆಳಗೆ ನನ್ನ ಕಡೆ ನೋಡಿದರು.

"ಕೊಯ್ಯಲಾ ಮಗಳೇ?"

ನಾನು ಯಾರನ್ನು ಕೇಳಿದರು ಎಂದು ಆಚೆ ಈಚೆ ನೋಡಿದೆ. ಅಜ್ಜಿ, ಅವ್ವ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ತಮ್ಮ ಮನೆಯ ತೋಟದಲ್ಲಿ, ತಾವೇ ನೆಟ್ಟು ನೀರುಣಿಸಿದ ಬಳ್ಳಿಯನ್ನು ಮುಟ್ಟಲು ಅಪ್ಪ ನನ್ನ ಅಪ್ಪಣೆಗೆ ಕಾಯುತ್ತಿದ್ದರು. ಅಂದು ಅಜ್ಜಿ ಇಲ್ಲದ ಭಾನುವಾರ ಕತ್ತಿ ಹಿಡಿಯದಿದ್ದ ಅದೇ ಕೈ. ಇದು ನಿಮ್ಮದೇ ಅಪ್ಪ, ನನ್ನನ್ನೇನು ಕೇಳುವುದು ಎನ್ನಲು ಬಾಯಿ ತೆರೆದೆ. ಆದರೆ ಹಾಗೆಂದರೆ ನಾನು ಕೊಟ್ಟದ್ದು ಕೊಟ್ಟ ಹಾಗಾಗುವುದಿಲ್ಲ, ಅದು ದೇವರ ಬಳ್ಳಿಯಾಗಿಯೇ ಉಳಿಯುತ್ತದೆ, ಅವರು ಮುಟ್ಟುವಂತಿಲ್ಲ, ಅಜ್ಜಿ ಅಂದು ಮಾಡಿದ್ದೆಲ್ಲ ಹುಡುಗಾಟವಾಗುತ್ತದೆ. ಕೊಯ್ಯಿರಿ ಎಂದರೆ ಇದು ನನ್ನದು ಎಂದು ಒಪ್ಪಿದ ಹಾಗೆ, ಈ ಮನೆಯಿಂದ ನಾನು ಹೋದವಳೇ ಎಂದು ನನ್ನ ಬಾಯಲ್ಲೇ ಹೇಳಿದ ಹಾಗೆ. ಇಷ್ಟು ವರ್ಷ ಅದನ್ನು ಅವರು ಹೇಳಿದ್ದರು. ನಾನು ಹೇಳಿರಲಿಲ್ಲ.

ಅಪ್ಪ ಏಣಿಯ ಮೇಲೆ ಅವಸರವಿಲ್ಲದೆ ಕಾದರು.

"ಕೊಯ್ಯಿರಿ ಅಪ್ಪ," ಎಂದೆ. ಇನ್ನೊಮ್ಮೆ ಸರಿಯಾಗಿ ಹೇಳಿದೆ. "ಕೊಯ್ಯಿರಿ. ಎಲ್ಲಾ ನಿಮಗೇ."

"ಮೊದಲಿಂದು ಅವಳಿಗೆ ಹಾಕು," ಎಂದಳು ಅಜ್ಜಿ ಕೆಳಗಿನಿಂದ. "ಅವಳ ದೇವರಿಗೆ. ಅದು ಯಾರು ಅಂತ ಅವಳೇ ನೋಡ್ಕೊಳ್ಳಲಿ."

ನಾನು ಮರದ ಬುಡಕ್ಕೆ ಹೋಗಿ ದುಪ್ಪಟ್ಟ ಒಡ್ಡಿ ನಿಂತೆ. ಅಪ್ಪ ಗೊಂಚಲು ಚಿವುಟಿ ಕೈಬಿಟ್ಟರು.